ಗೊಟ್ಟಿಗೆರೆಯ ಸಂಜೆಯೂ ಕಂಪನಿಯ ಕ್ಯಾಲೆಂಡರೂ

ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯುದ್ದಕ್ಕೂ ಇರುವ ಸಾಫ್ಟ್‌ವೇರ್ ಕಚೇರಿಗಳಲ್ಲಿ ಒಬ್ಬರನ್ನು ಮೀಟಿಂಗಿಗೆ ಕರೆಯಲು ಈಗ ಅವರನ್ನು ಕೇಳಬೇಕಾಗಿಲ್ಲ. ಹೆಸರು ಟೈಪ್ ಮಾಡಿದರೆ ಸಾಕು, ಅವರ ಇಡೀ ವಾರ ಪರದೆಯ ಮೇಲೆ ಬಿಚ್ಚಿಕೊಳ್ಳುತ್ತದೆ. ಬಣ್ಣ ತುಂಬಿದ ಕಡೆ ಅವರು ಬ್ಯುಸಿ. ಬೆಳ್ಳಗೆ ಉಳಿದ ಕಡೆ ಸ್ಲಾಟ್ ಸಿಕ್ಕಿತು, ಇನ್ವೈಟ್ ಹೋಯಿತು. ಔಟ್‌ಲುಕ್ ಇರಲಿ, ಗೂಗಲ್ ಕ್ಯಾಲೆಂಡರ್ ಇರಲಿ, ಸಹೋದ್ಯೋಗಿಗಳು ಒಬ್ಬರ ದಿನಚರಿಯನ್ನು ಇನ್ನೊಬ್ಬರು ನೋಡುವ ಈ ಏರ್ಪಾಟು ಇಲ್ಲದೆ ಮೂರು ಖಂಡಗಳಲ್ಲಿ ಹರಡಿಕೊಂಡ ತಂಡವೊಂದು ಒಂದು ದಿನವೂ ನಡೆಯಲಾರದು. ಅಷ್ಟನ್ನು ಒಪ್ಪಿಕೊಂಡ ಮೇಲೂ ತಕರಾರೊಂದು ಉಳಿಯುತ್ತದೆ. ಈ ಏರ್ಪಾಟಿನಲ್ಲಿ ಮುಚ್ಚಿಡಬೇಕಾದದ್ದು ತೆರೆದಿದೆ, ಕಾಣಬೇಕಾದದ್ದು ಕಾಣುತ್ತಿಲ್ಲ. ಈ ವ್ಯಕ್ತಿ ಯಾವ ಹೊತ್ತಿಗೆ ಸಿಗುತ್ತಾರೆ, ಯಾವ ಹೊತ್ತಿಗೆ ಸಿಗುವುದಿಲ್ಲ ಎಂಬುದಷ್ಟೇ ಸಹೋದ್ಯೋಗಿಗೆ ಬೇಕಾದ ಮಾಹಿತಿ. ಏಕೆ ಸಿಗುವುದಿಲ್ಲ ಎಂಬುದು ಅವರ ಸ್ವಂತ ವಿಷಯ. ಈ ಗೆರೆಯನ್ನು ಎಳೆಯುವ ಕೆಲಸವನ್ನು ಒಬ್ಬೊಬ್ಬ ಉದ್ಯೋಗಿಯ ಧೈರ್ಯಕ್ಕೆ ಬಿಡಬಾರದು. ಕಂಪನಿಯೇ ಎಲ್ಲರಿಗೂ ಒಂದೇ ಸಮನಾಗಿ ಎಳೆದುಕೊಡಬೇಕು.

ತಂತ್ರಜ್ಞರಿಗೆ ಇದು ತಿಳಿಯದ ಸಂಗತಿಯೇನಲ್ಲ. ಒಂದು ಕಂಪನಿಯ ಕ್ಯಾಲೆಂಡರ್ ಹೇಳಿದ್ದು ಇನ್ನೊಂದು ಕಂಪನಿಯ ಕ್ಯಾಲೆಂಡರಿಗೆ ಅರ್ಥವಾಗುವಂತೆ ಮಾಡಿದ ‘ಐಕ್ಯಾಲೆಂಡರ್’ ಮಾನದಂಡ ಪ್ರಕಟವಾದದ್ದು 1998ರ ನವೆಂಬರ್‌ನಲ್ಲಿ. ಅದನ್ನು ಬರೆದವರು ಲೋಟಸ್ ಕಂಪನಿಯ ಫ್ರ್ಯಾಂಕ್ ಡಾಸನ್ ಮತ್ತು ಮೈಕ್ರೋಸಾಫ್ಟ್‌ನ ಡೆರಿಕ್ ಸ್ಟೆನರ್ಸನ್. ಮಾರುಕಟ್ಟೆಯಲ್ಲಿ ಪೈಪೋಟಿಗೆ ಬಿದ್ದಿದ್ದ ಎರಡು ಕಂಪನಿಗಳವರು ಒಂದೇ ಕಾಗದಕ್ಕೆ ಹೆಸರು ಹಾಕಿದ್ದರು. 2009ರಲ್ಲಿ ಪರಿಷ್ಕಾರಗೊಂಡ ಆ ಮಾನದಂಡವೇ ಇವತ್ತಿಗೂ ಇನ್ವೈಟ್‌ಗಳನ್ನು ಹೊತ್ತು ತಿರುಗುತ್ತಿದೆ. ಅದರಲ್ಲಿ ಕಾರ್ಯಕ್ರಮದ ವಿವರಕ್ಕೆ ಒಂದು ಬಗೆಯ ದಾಖಲೆ ಇದ್ದರೆ, ಬಿಡುವು ಇದೆಯೇ ಇಲ್ಲವೇ ಎಂಬುದನ್ನು ಹೇಳುವುದಕ್ಕೇ ಇನ್ನೊಂದು ಪ್ರತ್ಯೇಕ ದಾಖಲೆ ಇದೆ. ಎರಡನೆಯದರಲ್ಲಿ ಶೀರ್ಷಿಕೆಗೆ ಜಾಗವೇ ಇಲ್ಲ. ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗೆ ಬ್ಯುಸಿ, ಇಷ್ಟರಿಂದ ಇಷ್ಟರವರೆಗೆ ಬಹುಶಃ ಬ್ಯುಸಿ, ಇಷ್ಟು ಹೊತ್ತು ಸಿಗುವುದೇ ಇಲ್ಲ, ಇಷ್ಟೇ. ಮದುವೆಗೆ ಛತ್ರ ಗೊತ್ತು ಮಾಡಲು ಹೋದವರಿಗೆ ಮ್ಯಾನೇಜರು ರಿಜಿಸ್ಟರ್ ತಿರುವಿ ‘ಆ ತಾರೀಕು ಇಲ್ಲ’ ಎನ್ನುತ್ತಾರೆಯೇ ಹೊರತು ಅಂದು ಯಾರ ಮನೆಯ ಮದುವೆ ಎಂದು ಓದಿ ಹೇಳುವುದಿಲ್ಲ. ಕೇಳಿದವರ ಕೆಲಸ ಅಷ್ಟರಿಂದಲೇ ಆಗುತ್ತದೆ. ಅದೇ ಮಾನದಂಡದಲ್ಲಿ ಒಂದು ನಮೂದನ್ನು ಸಾರ್ವಜನಿಕ, ಖಾಸಗಿ, ಗೋಪ್ಯ ಎಂದು ಗುರುತು ಹಾಕುವ ಸೌಲಭ್ಯವೂ ಇದೆ. ಆದರೆ ಆ ಗುರುತು ಮಾಲೀಕರ ಇಚ್ಛೆಯನ್ನು ತಿಳಿಸುತ್ತದೆ ಅಷ್ಟೇ, ಅದನ್ನು ಪಾಲಿಸುವುದು ಸಾಫ್ಟ್‌ವೇರಿಗೆ ಬಿಟ್ಟದ್ದು. ಗೆರೆ ಎಳೆಯುವ ಪೆನ್ಸಿಲ್ ಮೊದಲ ದಿನದಿಂದಲೂ ಪೆಟ್ಟಿಗೆಯಲ್ಲೇ ಇತ್ತು ಎಂದಾಯಿತು.

ಹಾಗಿದ್ದರೆ ಬೇಕಾದವರು ತಮ್ಮ ಸೆಟ್ಟಿಂಗ್ ಬದಲಿಸಿಕೊಳ್ಳಲಿ, ಕಂಪನಿಯೇಕೆ ತಲೆಹಾಕಬೇಕು ಎಂಬ ಮಾತು ಸಹಜವಾಗಿಯೇ ಬರುತ್ತದೆ. ಇದಕ್ಕೆ ಉತ್ತರ ಮೂವತ್ತು ವರ್ಷ ಹಿಂದಿನ ಒಂದು ಅಧ್ಯಯನದಲ್ಲಿದೆ. ಸಂಶೋಧಕ ಜೊನಾಥನ್ ಗ್ರೂಡಿನ್ 1988ರಲ್ಲಿ ಮಂಡಿಸಿದ ಪ್ರಬಂಧವೊಂದರಲ್ಲಿ, ಕಂಪ್ಯೂಟರೇ ಮೀಟಿಂಗ್ ಗೊತ್ತು ಮಾಡುವ ಕ್ಯಾಲೆಂಡರ್‌ಗಳು ಸೋಲುವುದೇಕೆ ಎಂದು ವಿವರಿಸಿದ್ದರು. ಲಾಭ ಮೀಟಿಂಗ್ ಕರೆಯುವವರಿಗೆ, ಅಂದರೆ ಮೇಲಿನವರಿಗೆ; ಕ್ಯಾಲೆಂಡರನ್ನು ದಿನವೂ ತುಂಬಿಸುತ್ತ ಕೂರುವ ದುಡಿಮೆ ಕೆಳಗಿನವರಿಗೆ. ಲಾಭವಿಲ್ಲದ ದುಡಿಮೆಯನ್ನು ಯಾರು ತಾನೇ ಮಾಡುತ್ತಾರೆ ಎಂಬುದು ಅವರ ತರ್ಕ. ಏಳು ವರ್ಷಗಳ ನಂತರ ಅವರೇ ಲೇಸಿಯಾ ಪೇಲನ್ ಜೊತೆಗೂಡಿ ಮೈಕ್ರೋಸಾಫ್ಟ್ ಮತ್ತು ಸನ್ ಮೈಕ್ರೋಸಿಸ್ಟಮ್ಸ್ ಕಚೇರಿಗಳನ್ನು ನೋಡಿದಾಗ ಪರಿಸ್ಥಿತಿ ಬೇರೆಯಾಗಿತ್ತು: ಎರಡೂ ಕಡೆ ಬಹುತೇಕ ಎಲ್ಲರೂ ಕ್ಯಾಲೆಂಡರ್ ಬಳಸುತ್ತಿದ್ದರು. ಆದರೆ ಎರಡು ಕಂಪನಿಗಳ ರೀತಿ ಒಂದೇ ಆಗಿರಲಿಲ್ಲ. ಮೈಕ್ರೋಸಾಫ್ಟ್‌ನ ಕ್ಯಾಲೆಂಡರಿನಲ್ಲಿ ಪರರಿಗೆ ಕಾಣುತ್ತಿದ್ದದ್ದು ಬ್ಯುಸಿ ಅಥವಾ ಬಿಡುವು ಮಾತ್ರ. ಸನ್‌ನಲ್ಲಿ ಏನು ಬರೆದಿದೆಯೋ ಅದೆಲ್ಲವೂ ಕಾಣುತ್ತಿತ್ತು. ಎರಡೂ ಕಡೆಯ ಇಂಜಿನಿಯರುಗಳಿಗೆ ಸೆಟ್ಟಿಂಗ್ ಬದಲಿಸುವುದು ಚಿಟಿಕೆ ಹೊಡೆದಷ್ಟು ಸುಲಭ. ಆದರೂ ಬಹುಪಾಲು ಮಂದಿ ಕಂಪನಿ ಕೊಟ್ಟದ್ದನ್ನು ಕೊಟ್ಟ ಹಾಗೆಯೇ ಇಟ್ಟುಕೊಂಡಿದ್ದರು. ಸನ್‌ನವರು ಹುಟ್ಟಾ ಮುಕ್ತ ಮನಸ್ಸಿನವರೂ ಅಲ್ಲ, ಮೈಕ್ರೋಸಾಫ್ಟ್‌ನವರು ಗುಟ್ಟಿನವರೂ ಅಲ್ಲ. ಡೀಫಾಲ್ಟ್ ಏನಿತ್ತೋ ಅದೇ ಕಚೇರಿಯ ನಡತೆಯಾಯಿತು, ನಡತೆಯೇ ಕೆಲವು ವರ್ಷಗಳಲ್ಲಿ ಸಂಸ್ಕೃತಿ ಎನಿಸಿಕೊಂಡಿತು. ಹಾಗಾಗಿ ಉದ್ಯೋಗಿ ತಾನೇ ಆರಿಸಿಕೊಳ್ಳಲಿ ಎಂದು ಹೇಳುವುದೂ ಆಯ್ಕೆಯನ್ನು ಕಂಪನಿಯೇ ಮಾಡಿದಂತೆ. ಮೈಕ್ರೋಸಾಫ್ಟ್ 365ರಲ್ಲಿ ಸಂಸ್ಥೆಯೊಳಗಿನವರಿಗೆ ಮೊದಲಿಗೆ ಕಾಣುವುದು ಇಂದಿಗೂ ಬ್ಯುಸಿ-ಬಿಡುವು ಮಾತ್ರ. ಗೂಗಲ್ ವರ್ಕ್‌ಸ್ಪೇಸ್‌ನಲ್ಲಿ ಏನೂ ಕಾಣದಿರಲಿ, ಬ್ಯುಸಿ-ಬಿಡುವು ಮಾತ್ರ ಕಾಣಲಿ, ಎಲ್ಲವೂ ಕಾಣಲಿ ಎಂಬ ಮೂರರಲ್ಲಿ ಒಂದನ್ನು ಇಡೀ ಸಂಸ್ಥೆಗೆ ಅಡ್ಮಿನ್ ಗೊತ್ತು ಮಾಡುತ್ತಾರೆ. ಸಾವಿರಾರು ಜನರ ವಾರಗಳು ಎಷ್ಟು ತೆರೆದಿರಬೇಕೆಂಬುದು ಹೀಗೆ ಐಟಿ ವಿಭಾಗದ ಒಬ್ಬರ ಒಂದು ಕ್ಲಿಕ್ಕಿನಲ್ಲಿದೆ.

ತೆರೆದಿದ್ದರೆ ಆಗುವ ನಷ್ಟವೇನು? ದಕ್ಷಿಣ ಬೆಂಗಳೂರಿನವರಿಗೆ ಇದನ್ನು ದೂರದ ಉದಾಹರಣೆ ಕೊಟ್ಟು ವಿವರಿಸಬೇಕಾಗಿಲ್ಲ. ಬನ್ನೇರುಘಟ್ಟ ರಸ್ತೆಯ ಗೊಟ್ಟಿಗೆರೆಯಿಂದ ಊರೊಳಕ್ಕೆ ಹೊರಟರೆ ಜಯದೇವ ಹೃದ್ರೋಗ ಸಂಸ್ಥೆ ಸಿಗುತ್ತದೆ. ಇನ್ನೂ ಮುಂದೆ ಡೇರಿ ಸರ್ಕಲ್ ದಾಟಿದರೆ ಆ ಸುತ್ತಲಲ್ಲೇ ಕ್ಯಾನ್ಸರಿಗೆ ಕಿದ್ವಾಯಿ, ಮನೋರೋಗ-ನರರೋಗಗಳಿಗೆ ನಿಮ್ಹಾನ್ಸ್, ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ, ಮೂಳೆ ಮುರಿತಕ್ಕೆ ಸಂಜಯ ಗಾಂಧಿ ಆಸ್ಪತ್ರೆ, ಎದೆರೋಗಕ್ಕೆ ರಾಜೀವ್ ಗಾಂಧಿ ಸಂಸ್ಥೆ. ಇಷ್ಟು ಹತ್ತಿರ ಹತ್ತಿರ ಇಷ್ಟು ವಿಶೇಷ ಆಸ್ಪತ್ರೆಗಳಿರುವುದು ಈ ಭಾಗದ ಭಾಗ್ಯವೇ ಸರಿ. ಆದರೆ ಕ್ಯಾಲೆಂಡರಿನ ವಿಳಾಸದ ಕಾಲಮ್ಮಿನಲ್ಲಿ ಇವುಗಳಲ್ಲಿ ಯಾವುದಾದರೂ ಒಂದರ ಹೆಸರು ಬಂದರೆ ಸಾಕು, ಶೀರ್ಷಿಕೆ ಏನೂ ಇರದಿದ್ದರೂ ಯಾವ ಕಾಯಿಲೆ ಎಂಬುದು ಕನ್ನಡ ಬಲ್ಲ ಸಹೋದ್ಯೋಗಿಗೆಲ್ಲ ತಿಳಿದುಹೋಯಿತು. ಕಿದ್ವಾಯಿ ಎಂಬ ಮೂರಕ್ಷರದ ಹೆಸರು ನಮ್ಮ ಮನೆಗಳಲ್ಲಿ ಯಾವ ದನಿಯಲ್ಲಿ ಉಚ್ಚಾರವಾಗುತ್ತದೆ ಎಂಬುದು ಗೊತ್ತೇ ಇದೆ. ಪ್ರತಿ ಗುರುವಾರ ಮಧ್ಯಾಹ್ನ ನಿಮ್ಹಾನ್ಸ್ ಎಂದು ಕಂಡರೆ, ಮುಂದಿನ ಬಡ್ತಿಯ ಮಾತು ಬಂದಾಗ ಮ್ಯಾನೇಜರ ಮನಸ್ಸಿನಲ್ಲಿ ಏನು ಸುಳಿಯುತ್ತದೆ ಎಂಬುದನ್ನು ಯಾವ ಎಚ್‌ಆರ್ ನೀತಿಯೂ ತಡೆಯಲಾರದು. ಸುಳಿದದ್ದು ಹೊರಬರುವುದೂ ಇಲ್ಲ. ಕಾಯಿಲೆ ಒಂದೇ ಅಲ್ಲ. ಮಗುವಿನ ಶಾಲೆಯ ಸೀಟು, ಕೌಟುಂಬಿಕ ನ್ಯಾಯಾಲಯದ ತಾರೀಕು, ಬೇರೆ ಕಂಪನಿಯ ಇಂಟರ್‌ವ್ಯೂ, ಎಚ್‌ಆರ್ ಜೊತೆಗಿನ ಹಠಾತ್ ಒನ್ ಆನ್ ಒನ್, ಇವೆಲ್ಲ ಅದೇ ಪುಟದಲ್ಲಿ ಇರುತ್ತವೆ. ಜೊತೆಗೆ ಯಾರು ನೋಡಿದರು ಎಂಬುದು ನೋಡಿಸಿಕೊಂಡವರಿಗೆ ತಿಳಿಯುವುದಿಲ್ಲ. ಹಳೆಯ ವರ್ಷಗಳ ನಮೂದುಗಳೂ ಹಾಗೆಯೇ ಉಳಿದಿರುತ್ತವೆ. ಮೊನ್ನೆ ಮೊನ್ನೆ ತಂಡ ಸೇರಿದವರೊಬ್ಬರು ಹಿಂದಕ್ಕೆ ಸ್ಕ್ರೋಲ್ ಮಾಡುತ್ತ ಹೋದರೆ 2021ರ ಮೇ ತಿಂಗಳಿಗೂ ತಲುಪಬಹುದು. ಆ ತಿಂಗಳು ಬೆಂಗಳೂರಿನ ಎಷ್ಟು ಜನರ ಕ್ಯಾಲೆಂಡರಿನಲ್ಲಿ ಏನೇನಿತ್ತು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಮುಕ್ತ ಕ್ಯಾಲೆಂಡರಿನ ಪರವಾಗಿ ಆಡುವ ಮಾತುಗಳಲ್ಲಿ ಹುರುಳಿಲ್ಲದೆ ಇಲ್ಲ. ಪೇಲನ್ ಅವರೇ ಸನ್‌ನಲ್ಲಿ ಗಮನಿಸಿದಂತೆ, ಒಬ್ಬರು ಎಲ್ಲಿದ್ದಾರೆ, ಯಾವ ಕೆಲಸದ ನಡುವೆ ಇದ್ದಾರೆ ಎಂದು ತಿಳಿದಾಗ ಜನ ಒಬ್ಬರನ್ನೊಬ್ಬರು ಹೆಚ್ಚು ನಾಜೂಕಾಗಿ ನಡೆಸಿಕೊಳ್ಳುತ್ತಾರೆ. ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಮಾಡುವುದಿಲ್ಲ. ಬ್ಯುಸಿ ಎಂದಿದ್ದರೂ ಸಣ್ಣ ಕೆಲಸವಾದರೆ ಹೋಗಿ ಕೇಳಬಹುದು ಎಂದು ತಿಳಿಯುತ್ತಾರೆ. ವಾರಕ್ಕೆ ಎರಡೋ ಮೂರೋ ದಿನ ಮಾತ್ರ ಕಚೇರಿಗೆ ಬರುವ ಈಗಿನ ಪದ್ಧತಿಯಲ್ಲಿ ಇದರ ಬೆಲೆ ಇನ್ನೂ ಹೆಚ್ಚಿದೆ. ಮೊದಲು ಗೊಟ್ಟಿಗೆರೆ ಎಂದೇ ಕರೆಸಿಕೊಂಡಿದ್ದ ಕಾಳೇನ ಅಗ್ರಹಾರ ನಿಲ್ದಾಣದಿಂದ ನಾಗವಾರದವರೆಗಿನ ಗುಲಾಬಿ ಮೆಟ್ರೋ ಮಾರ್ಗದ ಉದ್ದ 21 ಕಿಲೋಮೀಟರಿಗೂ ಮಿಗಿಲು. ಆ ತುದಿಯ ಮಾನ್ಯತಾ ಟೆಕ್ ಪಾರ್ಕಿಗೆ ಈ ತುದಿಯಿಂದ ಹೋಗಿ ಕುಳಿತ ಮೇಲೆ, ತಂಡದ ಉಳಿದವರೆಲ್ಲ ಅಂದು ಮನೆಯಿಂದಲೇ ಕೆಲಸ ಮಾಡುತ್ತಿದ್ದಾರೆ ಎಂದು ತಿಳಿಯುವುದಕ್ಕಿಂತ ದೊಡ್ಡ ಅಣಕ ಬೇರೆ ಬೇಕಿಲ್ಲ. ಇಲ್ಲಿ ಕ್ಯಾಲೆಂಡರ್ ಮಾತಾಡಲೇಬೇಕು. ಆದರೆ ಅದು ಆಡಬೇಕಾದ ಮಾತು ಯಾವುದು? ಇಂದು ಕಚೇರಿ, ನಾಳೆ ಮನೆ, ಹತ್ತರಿಂದ ಹನ್ನೆರಡರವರೆಗೆ ಸಿಗುವುದಿಲ್ಲ, ಇಷ್ಟು ಸಾಕು. ಪ್ರಾಜೆಕ್ಟ್ ಮೀಟಿಂಗ್‌ಗಳ ವಿವರ ಬೇಕೆಂದರೆ ತಂಡಕ್ಕೇ ಬೇರೆ ಕ್ಯಾಲೆಂಡರ್ ಇಟ್ಟುಕೊಳ್ಳಬಹುದು. ಎರಡೂ ಸಾಫ್ಟ್‌ವೇರ್‌ಗಳಲ್ಲಿ ಅದಕ್ಕೆ ಅವಕಾಶವಿದೆ. ತಂಡದ ಕೆಲಸ ತಂಡದ ಪುಟದಲ್ಲಿ ಕಾಣಲಿ. ಒಬ್ಬರ ಇಡೀ ವಾರವನ್ನು ಅದಕ್ಕಾಗಿ ಬಯಲಿಗಿಡಬೇಕಿಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ಚೂಪಾದದ್ದು. ಮುಚ್ಚಿಟ್ಟದ್ದೇ ಅನುಮಾನ ಹುಟ್ಟಿಸುತ್ತದಲ್ಲ? ಎಲ್ಲರ ನಮೂದುಗಳೂ ತೆರೆದಿರುವ ಕಚೇರಿಯಲ್ಲಿ ಒಬ್ಬರದ್ದು ಮಾತ್ರ ‘ಪ್ರೈವೇಟ್’ ಎಂಬ ಪಟ್ಟಿ ಹೊತ್ತು ನಿಂತರೆ, ಆ ಪಟ್ಟಿಯೇ ಊರಿಗೆಲ್ಲ ಡಂಗುರ ಸಾರುತ್ತದೆ. ನಿಜ. ಔಟ್‌ಲುಕ್‌ನಲ್ಲಿ ಖಾಸಗಿ ಎಂದು ಗುರುತಿಸಿದ್ದು ಪರರಿಗೆ ಖಾಸಗಿ ಎಂದೇ ಕಾಣುತ್ತದೆ. ವಾರಕ್ಕೊಂದು ಅಂಥ ನಮೂದಿದ್ದರೆ ಕ್ಯಾಂಟೀನಿನಲ್ಲಿ ಊಹೆಗಳು ಶುರುವಾಗುತ್ತವೆ: ನೋಟಿಸ್ ಕೊಡುತ್ತಾರಂತೆ, ಹೊಸ ಕೆಲಸ ಹುಡುಕುತ್ತಿದ್ದಾರಂತೆ, ಬಸುರಿಯಂತೆ. ನನ್ನ ಮಟ್ಟಿಗೆ ಇದು ಮುಕ್ತತೆಯ ಪರವಾದ ವಾದವಾಗಲೇ ಇಲ್ಲ. ಗೆರೆಯನ್ನು ವ್ಯಕ್ತಿ ಎಳೆಯಬಾರದು, ಸಂಸ್ಥೆ ಎಳೆಯಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಇನ್ನೊಂದಿಲ್ಲ. ಎಲ್ಲರದ್ದೂ ಬರೀ ಬ್ಯುಸಿ ಎಂದು ಕಾಣುವ ಕಡೆ ಡಯಾಲಿಸಿಸ್‌ಗೆ ಹೋದವರೂ ಬಜೆಟ್ ಮೀಟಿಂಗಿನಲ್ಲಿ ಕುಳಿತವರೂ ಒಂದೇ ಬಣ್ಣದಲ್ಲಿರುತ್ತಾರೆ. ಒಬ್ಬರ ಮರೆ ಇನ್ನೊಬ್ಬರಿಗೆ ಕಾವಲು. ಹಾಗಾದರೆ ಕಳ್ಳಬ್ಲಾಕ್‌ಗಳು ಹೆಚ್ಚುವುದಿಲ್ಲವೇ, ಕೆಲಸವಿಲ್ಲದವರೂ ಕ್ಯಾಲೆಂಡರ್ ತುಂಬಿಕೊಂಡು ಕೂರುವುದಿಲ್ಲವೇ ಎಂದರೆ, ಕೂರುತ್ತಾರೆ. ಈಗಲೂ ‘ಫೋಕಸ್ ಟೈಮ್’ ಎಂಬ ಗೌರವದ ಹೆಸರಿನಲ್ಲಿ ಕುಳಿತೇ ಇದ್ದಾರೆ. ಕೆಲಸ ಆಗಿದೆಯೋ ಇಲ್ಲವೋ ಎಂದು ನೋಡಲು ಕ್ಯಾಲೆಂಡರನ್ನೇ ಇಣುಕಬೇಕಾದ ಮ್ಯಾನೇಜರಿಗೆ ಬೇರೆ ತೊಂದರೆ ಇದೆ.

ಇದುವರೆಗೆ ಹೇಳಿದ್ದು ಬಣ್ಣ ತುಂಬಿದ ಚೌಕಗಳ ವಿಷಯ. ನನಗೆ ಹೆಚ್ಚು ಚಿಂತೆ ಬಿಳಿ ಚೌಕಗಳದ್ದು. ಕ್ಯಾಲೆಂಡರಿನಲ್ಲಿ ಏನೂ ಬರೆಯದ ಗಂಟೆ ಕರೆಯಲು ಸಿಕ್ಕ ಗಂಟೆ ಎಂದು ಸಾಫ್ಟ್‌ವೇರ್ ತಿಳಿಯುತ್ತದೆ, ಅದನ್ನು ನೋಡಿ ಬೋಸ್ಟನ್ನಿನಲ್ಲೋ ಸ್ಯಾನ್ ಹೋಸೆಯಲ್ಲೋ ಕುಳಿತವರೂ ಹಾಗೆಯೇ ತಿಳಿಯುತ್ತಾರೆ. ಸಂಜೆ ಆರೂವರೆಗೆ ಕೊನೆಯ ಮೀಟಿಂಗ್ ಮುಗಿದು ಎಂಟೂವರೆಗೆ ಅಮೆರಿಕದ ಕಾಲ್ ಇದ್ದರೆ ನಡುವಿನ ಎರಡು ಗಂಟೆ ಪರದೆಯ ಮೇಲೆ ಖಾಲಿ. ಆ ಎರಡು ಗಂಟೆಯಲ್ಲಿ ಮನುಷ್ಯ ಬನ್ನೇರುಘಟ್ಟ ರಸ್ತೆಯಲ್ಲಿರುತ್ತಾನೆ. ಮೆಟ್ರೋ ಕಾಮಗಾರಿಗೆಂದು ಜಯದೇವ ಮೇಲ್ಸೇತುವೆಯನ್ನು 2020ರಲ್ಲಿ ಕೆಡವಿದ ಮೇಲೆ ಈ ರಸ್ತೆ ವರ್ಷಗಟ್ಟಲೆ ಬ್ಯಾರಿಕೇಡುಗಳ ನಡುವೆ ಸೊರಗಿದ್ದನ್ನು ಬಿಳೇಕಹಳ್ಳಿ, ಅರಕೆರೆ, ಹುಳಿಮಾವಿನವರು ಅನುಭವಿಸಿದ್ದಾರೆ. ಅವರನ್ನೆಲ್ಲ ದಾಟಿಕೊಂಡು ಹೋಗಬೇಕಾದವರು ಗೊಟ್ಟಿಗೆರೆಯವರು. ಎಲೆಕ್ಟ್ರಾನಿಕ್ಸ್ ಸಿಟಿಗೆ ಹೋಗುವವರಿಗೆ ನೈಸ್ ರಸ್ತೆ ಇದೆ, ಟೋಲ್ ಕೊಟ್ಟರೆ ದಾರಿ ಸಲೀಸು. ಬೆಳ್ಳಂದೂರು, ಮಾರತ್ತಹಳ್ಳಿಯ ಕಡೆಯವರಿಗೆ ಸಿಲ್ಕ್ ಬೋರ್ಡ್ ತಪ್ಪದು. ಕ್ಯಾಬಿನ ಹಿಂದಿನ ಸೀಟಿನಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡು, 365ನೇ ನಂಬರಿನ ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದು ಮ್ಯೂಟ್ ಒತ್ತುತ್ತ ಮೀಟಿಂಗ್ ಮಾಡುವವರು ಈ ರಸ್ತೆಯಲ್ಲಿ ಅಪರೂಪವಲ್ಲ. ಅವರ ಕ್ಯಾಲೆಂಡರಿನಲ್ಲಿ ಆ ಗಂಟೆ ಬಿಡುವಿನದು.

ಇದರ ಮೇಲೆ ಮಾರ್ಚ್ ಮತ್ತು ನವೆಂಬರ್ ತಿಂಗಳ ಕಾಟ ಬೇರೆ. ಅಮೆರಿಕ 2007ರಿಂದೀಚೆಗೆ ಮಾರ್ಚಿನ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿ, ನವೆಂಬರಿನ ಮೊದಲ ಭಾನುವಾರ ಹಿಂದಕ್ಕೆ ತಿರುಗಿಸುತ್ತದೆ. ನಮ್ಮ ಗಡಿಯಾರ ಅಲುಗಾಡುವುದಿಲ್ಲ. ವಾರವಾರ ಮರುಕಳಿಸುವ ಮೀಟಿಂಗ್ ಕರೆದವರ ಸಮಯಕ್ಕೆ ಅಂಟಿಕೊಂಡಿರುವುದರಿಂದ, ಕ್ಯಾಲಿಫೋರ್ನಿಯಾದ ಬೆಳಗಿನ ಎಂಟು ಗಂಟೆಯ ಕಾಲ್ ಬೇಸಿಗೆಯಲ್ಲಿ ಇಲ್ಲಿಯ ರಾತ್ರಿ ಎಂಟೂವರೆಗಾದರೆ ಚಳಿಗಾಲದಲ್ಲಿ ಒಂಬತ್ತೂವರೆಗೆ. ಸರಿಸಿದ್ದು ಸಾಫ್ಟ್‌ವೇರ್, ಒಪ್ಪಿಗೆ ಕೇಳಿದವರು ಯಾರೂ ಇಲ್ಲ. ರಾತ್ರಿ ಎಂಟರ ನಂತರದ ಮೀಟಿಂಗ್‌ಗಳು ಒಂದು ವರ್ಷದಲ್ಲಿ ಶೇ 16ರಷ್ಟು ಹೆಚ್ಚಿವೆ ಎಂದು ಮೈಕ್ರೋಸಾಫ್ಟ್ 2025ರಲ್ಲಿ ಪ್ರಕಟಿಸಿತು. ಅದು ಜಗತ್ತಿನ ಲೆಕ್ಕ. ವಿದೇಶಿ ಕಂಪನಿಗಳ ಸ್ವಂತ ಕೇಂದ್ರಗಳು ದೇಶದಲ್ಲೇ ಅತಿ ಹೆಚ್ಚು ಇರುವ ಬೆಂಗಳೂರಿನ ಪಾಲು ಅದರಲ್ಲಿ ಸಣ್ಣದಿರಲಾರದು.

ಕೆಲಸದ ಗಂಟೆಗಳ ಬಗ್ಗೆ ನಾವು ಜಗಳವಾಡುತ್ತಿಲ್ಲ ಎಂದಲ್ಲ. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961 ದಿನಕ್ಕೆ ಒಂಬತ್ತು, ವಾರಕ್ಕೆ 48 ಗಂಟೆಯ ಮಿತಿ ಹಾಕಿದೆ. 2024ರಲ್ಲಿ ಐಟಿ ಕ್ಷೇತ್ರಕ್ಕೆ ದಿನಕ್ಕೆ ಹನ್ನೆರಡು ಗಂಟೆಗೂ ಮೀರಿ ದುಡಿಸಲು ಅವಕಾಶ ಕೊಡುವ ಪ್ರಸ್ತಾಪ ಬಂತು. 2025ರಲ್ಲಿ ದಿನದ ಮಿತಿಯನ್ನು ಹತ್ತಕ್ಕೆ, ಓವರ್‌ಟೈಮ್ ಸೇರಿ ಹನ್ನೆರಡಕ್ಕೆ ಏರಿಸುವ ಪ್ರಸ್ತಾಪ. ಕೆಐಟಿಯು, ಅಂದರೆ ರಾಜ್ಯದ ಐಟಿ ನೌಕರರ ಸಂಘ, ಎರಡನ್ನೂ ಬೀದಿಗಿಳಿದು ವಿರೋಧಿಸಿತು. ವಿರೋಧಿಸಬೇಕಾದದ್ದೇ. ಆದರೆ ಕಾಯ್ದೆಯ ಪುಸ್ತಕದಲ್ಲಿ ಒಂಬತ್ತು ಎಂದಿದ್ದರೂ ಹತ್ತು ಎಂದಿದ್ದರೂ, ನಿಜವಾದ ದಿನದ ಉದ್ದ ನಿರ್ಧಾರವಾಗುವುದು ಕ್ಯಾಲೆಂಡರಿನ ಬಿಳಿ ಜಾಗದಲ್ಲಿ. ಬೆಳಿಗ್ಗೆ ಒಂಬತ್ತೂವರೆಯ ಸ್ಟ್ಯಾಂಡಪ್‌ನಿಂದ ರಾತ್ರಿ ಹತ್ತೂವರೆಗೆ ಮುಗಿಯುವ ಕಾಲ್‌ವರೆಗೆ ಹದಿಮೂರು ಗಂಟೆ; ನಡುವಿನ ಬಿಡಿ ಬಿಡಿ ಖಾಲಿಗಳನ್ನು ಕಳೆದು ತೋರಿಸಿದರೆ ಒಂಬತ್ತಕ್ಕೂ ಇಳಿಸಬಹುದು. ಕೆಲಸದ ಅವಧಿಯನ್ನು ಗುರುತಿಸುವ ಸೌಲಭ್ಯ ಎರಡೂ ಸಾಫ್ಟ್‌ವೇರ್‌ಗಳಲ್ಲಿದೆ, ಅದರಾಚೆಗೆ ಕರೆದರೆ ಅವಧಿ ಮುಗಿದಿದೆ ಎಂಬ ಸೂಚನೆಯೂ ಸಿಗುತ್ತದೆ. ಆದರೆ ಅದು ಬರೀ ಸೂಚನೆ, ತಡೆಯಲ್ಲ. ಸಂಜೆಯ ಪ್ರಯಾಣದ ಎರಡು ಗಂಟೆಯನ್ನೂ ರಾತ್ರಿ ಊಟದ ಹೊತ್ತನ್ನೂ ಎಲ್ಲ ಉದ್ಯೋಗಿಗಳ ಕ್ಯಾಲೆಂಡರಿನಲ್ಲಿ ಕಂಪನಿಯೇ ಮೊದಲೇ ಬ್ಯುಸಿ ಎಂದು ತುಂಬಿಟ್ಟರೆ, ಯಾರೂ ‘ಬೇಗ ಹೊರಟವರು’ ಎನಿಸಿಕೊಳ್ಳುವುದಿಲ್ಲ. ತುರ್ತಿದ್ದವರು ಕೇಳಿ ತೆಗೆಸಿಕೊಳ್ಳಲಿ. ಕೇಳುವ ಕೆಲಸ ಕರೆಯುವವರದ್ದಾಗಲಿ.

ಕಾನೂನು ಇದನ್ನೆಲ್ಲ ಮಾಡಿಸಬಹುದೇ ಎಂದರೆ ಹೆಚ್ಚು ನೆಚ್ಚುವಂತಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪಿತ್ತ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ತೀರ್ಪಿನ ಬೆನ್ನಿಗೆ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ, ಉದ್ಯೋಗದ ಉದ್ದೇಶಕ್ಕಾಗಿ ಮಾಲೀಕ ಸಂಸ್ಥೆಯು ನೌಕರರ ದತ್ತಾಂಶವನ್ನು ಅವರ ಸಮ್ಮತಿಯಿಲ್ಲದೆಯೂ ಬಳಸಲು ಬಾಗಿಲು ತೆರೆದಿಟ್ಟಿದೆ. ಕ್ಯಾಲೆಂಡರ್ ಕಂಪನಿಯದ್ದು, ಅದರಲ್ಲಿ ಬರೆದದ್ದೂ ಕಂಪನಿಯದ್ದು ಎನ್ನುವವರಿಗೆ ಆ ಕಲಮು ಆಸರೆಯಾದೀತು. ಇರಲಿ, ಕಂಪನಿಯದ್ದೇ ಎಂದಿಟ್ಟುಕೊಳ್ಳೋಣ. ಸಂಬಳದ ಪಟ್ಟಿಯೂ ಕಂಪನಿಯದ್ದೇ. ಅದನ್ನು ಸಾಮಾನ್ಯವಾಗಿ ಯಾವ ಕಂಪನಿಯೂ ಪಕ್ಕದ ಮೇಜಿನವರಿಗೆ ತೆರೆದಿಡುವುದಿಲ್ಲ.

ಕೊನೆಯದಾಗಿ, ಮುಕ್ತತೆ ಅಷ್ಟು ದೊಡ್ಡ ಮೌಲ್ಯವಾಗಿದ್ದರೆ ಅದು ಯಾವ ದಿಕ್ಕಿನಿಂದ ಶುರುವಾಗಬೇಕು ಎಂಬ ಪ್ರಶ್ನೆ. ನಮ್ಮ ಸರ್ಕಾರಿ ವ್ಯವಸ್ಥೆಯನ್ನು ಎಷ್ಟೇ ಬೈದರೂ ಅಲ್ಲೊಂದು ಹಳೆಯ ಪದ್ಧತಿ ಉಳಿದಿದೆ: ಮಂತ್ರಿಗಳ ಪ್ರವಾಸ ಕಾರ್ಯಕ್ರಮ, ಜನರ ಬಾಯಲ್ಲಿ ಟಿಪಿ. ಎಷ್ಟು ಗಂಟೆಗೆ ಯಾವ ಊರು, ಯಾವ ಸಭೆ, ರಾತ್ರಿ ಎಲ್ಲಿ ವಾಸ್ತವ್ಯ ಎಂಬುದು ಜಿಲ್ಲಾಡಳಿತಕ್ಕೂ ಪತ್ರಿಕೆಗಳಿಗೂ ಮೊದಲೇ ಬರುತ್ತದೆ. ದೊಡ್ಡವರ ದಿನ ತೆರೆದಿರುತ್ತದೆ, ಕಚೇರಿಯ ಗುಮಾಸ್ತರ ದಿನವನ್ನು ಯಾರೂ ಪ್ರಕಟಿಸುವುದಿಲ್ಲ. ಟೆಕ್ ಪಾರ್ಕುಗಳಲ್ಲಿ ಇದು ತಿರುಗಮುರುಗ. ಹೊಸದಾಗಿ ಸೇರಿದ ಇಂಜಿನಿಯರಿನ ವಾರ ಎಲ್ಲರಿಗೂ ಕಾಣುತ್ತದೆ; ವೈಸ್ ಪ್ರೆಸಿಡೆಂಟರ ಕ್ಯಾಲೆಂಡರ್ ಬರೀ ಬೂದು ಪಟ್ಟಿಗಳು, ಅದರಲ್ಲಿ ಅರ್ಧ ಗಂಟೆ ಬೇಕೆಂದರೆ ಅವರ ಸಹಾಯಕರಿಗೆ ಕಾರಣ ಸಹಿತ ಬರೆದುಕೊಳ್ಳಬೇಕು. ಮೇಲಿನವರ ನಮೂದುಗಳಲ್ಲಿ ಕಂಪನಿ ಮಾರಾಟದಂಥ ಗುಟ್ಟುಗಳಿರುತ್ತವೆ, ತೆರೆಯಲಾಗದು ಎಂಬುದು ಒಪ್ಪತಕ್ಕ ಕಾರಣ. ಹೃದಯದ ತಪಾಸಣೆಯೂ ಅಷ್ಟೇ ಒಪ್ಪತಕ್ಕ ಕಾರಣ. ಬೂದು ಪಟ್ಟಿ ಮೇಲಿನವರಿಗೆ ಸಾಕಾಗಿದ್ದರೆ, ಅದೇ ಬೂದು ಪಟ್ಟಿಯನ್ನು ಗೊಟ್ಟಿಗೆರೆಯಿಂದ ಬರುವ ಟೆಸ್ಟರಿಗೂ ಕೊಡಲು ಅಡ್ಮಿನ್ ಪುಟದಲ್ಲಿ ಬದಲಿಸಬೇಕಾದದ್ದು ಒಂದೇ ಒಂದು ಸಾಲು.